ಗೋಡೆಯ ಮೇಲೊಂದು 1675ರ ಆಕ್ಸ್‌ಫರ್ಡ್: ಹಳೆಯ ನಕ್ಷೆಯ ಪ್ರತಿಯೊಂದಿಗೆ ಆರು ವರ್ಷ

ಕೆತ್ತನೆಗಾರ ಡೇವಿಡ್ ಲಾಗನ್ 1675ರಲ್ಲಿ ಹೊರತಂದ ‘ಆಕ್ಸೋನಿಯಾ ಇಲ್ಲಸ್ಟ್ರಾಟಾ’ ಎಂಬ ಚಿತ್ರಸಂಪುಟದಲ್ಲಿ ಆಕ್ಸ್‌ಫರ್ಡ್ ನಗರದ ನಕ್ಷೆಯೊಂದಿದೆ. ಅದರ ಮರುಮುದ್ರಿತ ಪ್ರತಿಯೊಂದು ಸಾಗರದ ನಮ್ಮ ಮನೆಯ ಓದುವ ಕೋಣೆಯಲ್ಲಿ ಆರು ವರ್ಷಗಳಿಂದ ತೂಗುತ್ತಿದೆ. ಇದಕ್ಕೂ ಮೊದಲು ಇದೇ ನಕ್ಷೆಯ ಬಣ್ಣದ ಪ್ರತಿಯೊಂದನ್ನು ಬೇರೊಬ್ಬ ಮಾರಾಟಗಾರರಿಂದ ಕೊಂಡು ಕೈಸುಟ್ಟುಕೊಂಡಿದ್ದೆನಾದ್ದರಿಂದ, ಈ ಬರಹ ಎರಡು ಪ್ರತಿಗಳ ಕುರಿತದ್ದು ಎನ್ನಬೇಕು.

ಉದ್ಯೋಗದ ನಿಮಿತ್ತ ಎರಡು ವರ್ಷ ಆಕ್ಸ್‌ಫರ್ಡಿನಲ್ಲಿದ್ದಾಗ ನಾನು ಬಾಡಿಗೆಗಿದ್ದುದು ಕೌಲಿ ರಸ್ತೆಯಲ್ಲಿ. ಊರಿಗೆ ಹಿಂದಿರುಗುವ ಮುನ್ನ ಕೊಂಡ ಮೊದಲ ಪ್ರತಿಯಲ್ಲಿ ಹುಲ್ಲುಹಾಸಿಗೆ ಹಸಿರು, ನದಿಗೆ ನೀಲಿ, ಮಾಡುಗಳಿಗೆ ಇಟ್ಟಿಗೆಯ ಕೆಂಪು ಬಳಿದಿದ್ದರು. ಅಂಗಡಿಯ ದೀಪದ ಬೆಳಕಿನಲ್ಲಿ ಅದು ಬಹಳ ಚೆನ್ನಾಗಿಯೇ ಕಂಡಿತ್ತು. ಲಾಗನ್ನನ ನಕ್ಷೆ ತಾಮ್ರದ ತಗಡಿನಲ್ಲಿ ಕೊರೆದು ಕಪ್ಪು ಶಾಯಿಯೊಂದರಲ್ಲೇ ಅಚ್ಚಾದದ್ದೆಂಬುದೂ, ಇಂಥ ನಕ್ಷೆಗಳಿಗೆ ಬಣ್ಣ ಬರುವುದು ಅಚ್ಚಾದ ಮೇಲೆ ಯಾರದೋ ಕುಂಚದಿಂದ, ಈಗಂತೂ ಕಂಪ್ಯೂಟರಿನಿಂದ ಎಂಬುದೂ ನನಗೆ ಆಗ ಹೊಳೆದಿರಲಿಲ್ಲ. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಕಿಟಕಿಯ ಕಡೆಗಿದ್ದ ಮಾಡುಗಳೆಲ್ಲ ತೆಳುಗುಲಾಬಿಯಾದವು, ನದಿ ಬೂದಿಬಣ್ಣಕ್ಕೆ ತಿರುಗಿತು. ನೀರಿನಲ್ಲಿ ಕರಗುವ ಬಣ್ಣದ ಶಾಯಿಯಿಂದ ಮುದ್ರಿಸಿದ ಚಿತ್ರ ಬಿಸಿಲಿಗೆ ಬೇಗ ಸೋಲುತ್ತದೆ. ವರ್ಣದ್ರವ್ಯದ ಕಣಗಳಿರುವ ಶಾಯಿಯದಾದರೆ ಬಹುಕಾಲ ತಡೆಯುತ್ತದೆ. ಯಾವ ಶಾಯಿ ಎಂದು ಕೇಳದೆ ಹಣ ಕೊಟ್ಟದ್ದು ನನ್ನ ತಪ್ಪು, ಆದರೆ ನಕ್ಷೆಯ ಅಂಚಿನ ಗೆರೆಯನ್ನು ಚೌಕಟ್ಟಿನ ಅಳತೆಗೆ ಹೊಂದಿಸಲು ಸುತ್ತಲೂ ಕತ್ತರಿಸಿ, ಆ ವಿಷಯ ತಿಳಿಸದೆ ಮಾರಿದ್ದು ಅವರ ತಪ್ಪು.

ಈಗಿರುವ ಪ್ರತಿ ಬಣ್ಣವಿಲ್ಲದ್ದು, ಹತ್ತಿಯ ನಾರಿನ ದಪ್ಪ ಕಾಗದದ ಮೇಲಿನದು. ಪುಸ್ತಕದೊಳಗೆ ಮಡಚಿಟ್ಟಿದ್ದ ಮೂಲ ಹಾಳೆಯ ನಡುಮಡಿಕೆಯ ಗುರುತನ್ನೂ ಇದರಲ್ಲಿ ಅಳಿಸದೆ ಉಳಿಸಿದ್ದಾರೆ. ಕೊಂಡ ದಿನವೇ ಭೂತಗನ್ನಡಿ ಹಿಡಿದು ಕೂತೆ. ಕಟ್ಟಡಗಳ ಮೇಲಿನ ಚಿಕ್ಕ ಅಂಕಿಗಳನ್ನು ಸಲೀಸಾಗಿ ಓದಬಹುದಿತ್ತು. ಹಳೆಯ ಪ್ರತಿಯಲ್ಲಿ ಅವೇ ಅಂಕಿಗಳು ಹಸಿರಿನಡಿ ಇರುವೆ ಸತ್ತಂತೆ ಕಾಣುತ್ತಿದ್ದವು. ಅಂಕಿ ಓದಲಾಗದಿದ್ದರೆ, ಯಾವ ಅಂಕಿ ಯಾವ ಕಟ್ಟಡ ಎಂದು ಹೇಳುವ ವಿವರಪಟ್ಟಿ ಇದ್ದೂ ಇಲ್ಲದಂತೆ, ಆಮೇಲೆ ಅದು ನಕ್ಷೆಯೂ ಅಲ್ಲ, ಗೋಡೆಗೊಂದು ಅಲಂಕಾರ ಅಷ್ಟೆ.

ಈ ನಕ್ಷೆಯೊಂದಿಗೆ ಹೊಂದಿಕೊಳ್ಳಲು ಸ್ವಲ್ಪ ದಿನ ಬೇಕು, ಏಕೆಂದರೆ ಇದರಲ್ಲಿ ದಕ್ಷಿಣ ದಿಕ್ಕು ಮೇಲಿದೆ. ಉತ್ತರದ ಆಕಾಶದಿಂದ ಹಕ್ಕಿಯೊಂದು ಊರನ್ನು ನೋಡಿದಂತೆ ಲಾಗನ್ ಇದನ್ನು ಬರೆದಿರುವುದರಿಂದ ಪೂರ್ವ ಎಡಕ್ಕೂ ಪಶ್ಚಿಮ ಬಲಕ್ಕೂ ಬರುತ್ತವೆ. ಹಾಗಾಗಿ ಚೆರ್ವೆಲ್ ನದಿ ಎಡದಲ್ಲಿ, ಕೋಟೆಯ ದಿಬ್ಬ ಬಲದಲ್ಲಿ, ಕ್ರೈಸ್ಟ್ ಚರ್ಚ್ ಕಾಲೇಜು ಮೇಲ್ಭಾಗದಲ್ಲಿ ಸಿಗುತ್ತವೆ. ಮನೆಗೆ ಬಂದ ನನ್ನ ಅಣ್ಣನ ಮಗ ಮೊಬೈಲಿನ ನಕ್ಷೆಯೊಂದಿಗೆ ಹೋಲಿಸಲು ಹೋಗಿ, ಕೊನೆಗೆ ಫೋನನ್ನೇ ತಲೆಕೆಳಗಾಗಿ ಹಿಡಿದುಕೊಂಡು, “ಈಗ ಸರಿಹೋಯ್ತು ನೋಡಿ ಚಿಕ್ಕಪ್ಪ” ಎಂದ.

ದಿನವೂ ನನ್ನ ಕಣ್ಣು ಹೋಗುವುದು ಎಡ ಅಂಚಿಗೆ. ಅಲ್ಲಿ ಮ್ಯಾಗ್ಡಲೆನ್ ಎಂದು ಬರೆದು ಮಾಡ್ಲಿನ್ ಎಂದು ಕರೆಯುವ ಕಾಲೇಜಿದೆ. ರೋಡ್ಸ್ ವಿದ್ಯಾರ್ಥಿವೇತನ ಪಡೆದ ಗಿರೀಶ ಕಾರ್ನಾಡರು 1960ರ ದಶಕದ ಆರಂಭದಲ್ಲಿ ಓದಿದ್ದು ಇಲ್ಲಿಯೇ. ಅದರೆದುರು 1621ರಲ್ಲಿ ಸ್ಥಾಪನೆಯಾದ ಸಸ್ಯೋದ್ಯಾನ ಗೋಡೆಗಳ ನಡುವೆ ಚೌಕವಾಗಿ ಕೂತಿದೆ. ನಾನು ನಿತ್ಯ ಬಸ್ಸಿನಲ್ಲಿ ದಾಟುತ್ತಿದ್ದ ಸೇತುವೆ ಹದಿನೆಂಟನೆಯ ಶತಮಾನದ ಕೊನೆಯದಾದ್ದರಿಂದ ನಕ್ಷೆಯಲ್ಲಿರುವುದು ಅದರ ಹಿಂದಿನ ಸೇತುವೆ. ನನ್ನ ಬಾಡಿಗೆಮನೆಯ ಜಾಗವಂತೂ ಅಂಚಿನಾಚೆ, ಮನೆಯ ಗೋಡೆಯ ಸುಣ್ಣದ ಮೇಲೆ ಎಲ್ಲೋ ಬೀಳುತ್ತದೆ. ಪ್ರವಾಸಿಗಳ ಪಟಗಳಲ್ಲೆಲ್ಲ ಕಾಣುವ ರ‍್ಯಾಡ್‌ಕ್ಲಿಫ್ ಕ್ಯಾಮೆರಾ ಎಂಬ ಗ್ರಂಥಾಲಯ ಕಟ್ಟಡದ ದುಂಡು ಗುಮ್ಮಟವನ್ನು ಹುಡುಕಿದರೆ ಸಿಗುವುದು ಮನೆಗಳು. ಆ ಕಟ್ಟಡ ಎದ್ದದ್ದು 1737ರಿಂದ 1749ರ ನಡುವೆ. ಕ್ರೈಸ್ಟ್ ಚರ್ಚಿನ ಹೆಬ್ಬಾಗಿಲ ಮೇಲಿನ ಟಾಮ್ ಗೋಪುರವೂ ಇನ್ನೂ ಬಂದಿಲ್ಲ. ಆದರೆ ವಾಸ್ತುಶಿಲ್ಪಿ ಕ್ರಿಸ್ಟೋಫರ್ ರೆನ್ ರೂಪಿಸಿ 1669ರಲ್ಲಿ ಮುಗಿಸಿದ ಶೆಲ್ಡೋನಿಯನ್ ಥಿಯೇಟರ್ ಎಂಬ ವಿಶ್ವವಿದ್ಯಾಲಯದ ಸಭಾಭವನ ಇದೆ. ಲಾಗನ್ನನನ್ನು ವಿಶ್ವವಿದ್ಯಾಲಯ ತನ್ನ ಅಧಿಕೃತ ಕೆತ್ತನೆಗಾರನನ್ನಾಗಿ ನೇಮಿಸಿಕೊಂಡದ್ದೂ ಅದೇ ವರ್ಷ, ಅವನ ಸಂಪುಟದ ಮುಖಪುಟದಲ್ಲಿ ಪ್ರಕಟಣೆಯ ಸ್ಥಳವೆಂದು ಅಚ್ಚಾಗಿರುವುದೂ ಅದೇ ಕಟ್ಟಡದ ಹೆಸರು.

ಇನ್ನು ಕಟ್ಟು ಹಾಕಿಸುವ ವಿಚಾರ. ನಕ್ಷೆಗಿಂತ ಹೆಚ್ಚು ಖರ್ಚು ಬಂದದ್ದು ಇದಕ್ಕೇ, ಮತ್ತು ಮಲೆನಾಡಿನಲ್ಲಿ ಈ ಖರ್ಚನ್ನು ಉಳಿಸಲು ಹೋಗಬಾರದು. ಮೊದಲ ಸಲ ಕಾಗದಕ್ಕೆ ಗಾಜು ತಾಗುವಂತೆ ಒತ್ತಿ ಕಟ್ಟಿದ್ದರು. ಜುಲೈ ತಿಂಗಳ ಥಂಡಿಗೆ ಕಾಗದ ಅಲೆಯಲೆಯಾಗಿ ಉಬ್ಬಿ, ಒಂದು ಮೂಲೆ ಗಾಜಿಗೇ ಅಂಟಿಕೊಂಡಿತು. ಬಿಚ್ಚಿ ನೋಡಿದಾಗ ಹಿಂದಿನ ಹಾರ್ಡ್‌ಬೋರ್ಡಿನ ಕಂದು ಛಾಯೆ ಕಾಗದಕ್ಕೆ ಇಳಿಯತೊಡಗಿತ್ತು, ಸಾಲದ್ದಕ್ಕೆ ಹಲ್ಲಿಯ ಎರಡು ಮೊಟ್ಟೆಗಳೂ ಇದ್ದವು. ಈಗ ಗಾಜಿಗೂ ಕಾಗದಕ್ಕೂ ನಡುವೆ ಆಮ್ಲರಹಿತ ದಪ್ಪ ರಟ್ಟಿನ ಮೌಂಟ್ ಇದೆ, ಹಿಂದೆಯೂ ಅಂಥದೇ ರಟ್ಟು ಇದೆ, ಗಾಳಿಯಾಡಲೆಂದು ಚೌಕಟ್ಟಿನ ಕೆಳಮೂಲೆಗಳಿಗೆ ಬಿರಡೆಯ ಚೂರುಗಳನ್ನು ಅಂಟಿಸಿದ್ದೇನೆ. ಮಳೆ ಬೀಳುವ ಪಡುವಣ ಗೋಡೆಯಿಂದ ತೆಗೆದು ಒಳಗೋಡೆಗೆ ಹಾಕಿದ ಮೇಲೆ ನಾಲ್ಕು ಮಳೆಗಾಲ ಕಳೆದಿವೆ. ಬೂಸಲು ಬಂದಿಲ್ಲ, ಗೆರೆಗಳ ಕಪ್ಪು ಮಾಸಿಲ್ಲ.

ದೂರು ಇಲ್ಲವೆಂದಲ್ಲ. ವಿವರಪಟ್ಟಿಯ ಅಕ್ಷರಗಳು ನನ್ನಂಥ ಐವತ್ತು ದಾಟಿದವರಿಗೆ ಕನ್ನಡಕದೊಂದಿಗೂ ಕಷ್ಟ. ಇದೇ ಪ್ರತಿ ಇನ್ನೊಂದು ಅಳತೆ ದೊಡ್ಡದಾಗಿಯೂ ಸಿಗುತ್ತಿತ್ತು, ಅದನ್ನೇ ಕೊಳ್ಳಬೇಕಿತ್ತು. ಮೂಲ ಕಾಗದದ ಹಳದಿಯನ್ನು ಹಿನ್ನೆಲೆಯಾಗಿ ಮುದ್ರಿಸಿರುವುದು ಕೂಡ ನನಗೆ ತುಸು ನಾಟಕೀಯವೆನಿಸುತ್ತದೆ.

ಲಾಗನ್ ಕೇಂಬ್ರಿಜ್ ಕುರಿತೂ ಇಂಥದೇ ಸಂಪುಟವೊಂದನ್ನು 1690ರಲ್ಲಿ ತಂದಿದ್ದಾನೆ. ಅದರ ನಗರನಕ್ಷೆಯನ್ನು ಇದೇ ಮಾರಾಟಗಾರರಿಂದ ದೊಡ್ಡ ಅಳತೆಯಲ್ಲಿ ತರಿಸುವ ಮನಸ್ಸಿದೆ. ಅಂಚಿನ ಗೆರೆ ಪೂರ್ತಿಯಾಗಿದೆಯೇ, ಹಳದಿ ಹಿನ್ನೆಲೆ ಇಲ್ಲದೆ ಮುದ್ರಿಸಿಕೊಡಬಹುದೇ ಎಂದು ಕೇಳಿ ಬರೆದಿದ್ದೇನೆ.