ನೈನ್ ಡಾರ್ಟರ್ ಕಷ್ಟನಾ, 147 ಕಷ್ಟನಾ? ನನ್ನ ಓಟು 147ಕ್ಕೇ

ಮೊದ್ಲೇ ಹೇಳ್ಬಿಡ್ತೀನಿ, ನಾನು ಸ್ನೂಕರ್ ಪಾರ್ಟಿ. ಆಫೀಸ್ ಮುಗಿಸ್ಕೊಂಡು ವಾರದಲ್ಲಿ ಒಂದೆರಡು ಸಂಜೆ ಪಾರ್ಲರ್‌ಗೆ ಹೋಗಿ ಗಂಟೆ ಲೆಕ್ಕದಲ್ಲಿ ದುಡ್ಡು ಸುರಿಯೋರ ಪೈಕಿ. ಅಲ್ಲಿ ರೇಟ್ ಏರಿದ್ಮೇಲೆ ಮನೇಲೂ ಏನಾದ್ರೂ ಒಂದಿರ್ಲಿ ಅಂತ ಡಾರ್ಟ್ ಬೋರ್ಡ್ ತಗೊಂಡು ಹಾಲ್ ಗೋಡೆಗೆ ನೇತು ಹಾಕ್ದೆ. ದುಡ್ಡು ವಸೂಲಾಯ್ತು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಡಾರ್ಟ್ಸ್ ಆಡೋ ಫ್ರೆಂಡ್ಸ್ ಜೊತೆ ಒಂದು ಮುಗಿಯದ ವಾದ ಶುರುವಾಗಿದೆ, ನೈನ್ ಡಾರ್ಟರ್ ದೊಡ್ಡದಾ 147 ದೊಡ್ಡದಾ ಅಂತ. ನೈನ್ ಡಾರ್ಟರ್ ಅಂದ್ರೆ ಡಾರ್ಟ್ಸ್‌ನ ಒಂದು ಲೆಗ್ (ಒಂದು ಸುತ್ತಿನ ಆಟ) ಬರೀ ಒಂಬತ್ತೇ ಡಾರ್ಟ್‌ಗೆ ಮುಗಿಸೋದು, 147 ಅಂದ್ರೆ ಸ್ನೂಕರ್‌ನಲ್ಲಿ ಒಂದೇ ಸರದಿಯಲ್ಲಿ ಟೇಬಲ್ ಪೂರ್ತಿ ಖಾಲಿ ಮಾಡಿ 147 ಪಾಯಿಂಟ್ ತಗೊಳ್ಳೋದು. ಎರಡನ್ನೂ ಕೈಯಾರೆ ಆಡಿ ನೋಡಿದೀನಿ, ಎರಡರ ಹತ್ರಾನೂ ಸುಳಿದಿಲ್ಲ, ಆದ್ರೆ ಯಾವುದು ಎಷ್ಟು ದೂರ ಇದೆ ಅನ್ನೋದು ಚೆನ್ನಾಗೇ ಗೊತ್ತಾಗಿದೆ.

ಡಾರ್ಟ್ಸ್ ಕಡೆ ಲೆಕ್ಕ ಸಿಂಪಲ್. 501ರಿಂದ ಸೊನ್ನೆಗೆ ಇಳೀಬೇಕು, ಕೊನೇ ಡಾರ್ಟ್ ಡಬಲ್‌ನಲ್ಲೇ (ಅಂಕ ಎರಡರಷ್ಟಾಗೋ ಹೊರಗಿನ ಸಣ್ಣ ಪಟ್ಟಿ) ಬೀಳ್ಬೇಕು, ಕಮ್ಮಿ ಅಂದ್ರೆ ಒಂಬತ್ತು ಡಾರ್ಟ್ ಬೇಕೇ ಬೇಕು. ಸಾಮಾನ್ಯವಾಗಿ 180, ಇನ್ನೊಂದು 180, ಆಮೇಲೆ 141. 180ಕ್ಕೆ ಮೂರು ಸಲ ಹಿಡೀಬೇಕಾದ ಆ ಟ್ರೆಬಲ್ 20 (20ರ ಮೂರರಷ್ಟು, 60 ಅಂಕ) ಅನ್ನೋ ಪಟ್ಟಿ ಅಗಲ 8 ಮಿಲಿಮೀಟರ್, ಉದ್ದ ಸುಮಾರು ಮೂರು ಸೆಂಟಿಮೀಟರ್, ನೀವು ನಿಂತಿರೋದು 2.37 ಮೀಟರ್ ದೂರದಲ್ಲಿ. ಸೂಕ್ಷ್ಮ ಏನಪ್ಪಾ ಅಂದ್ರೆ, ಮೊದಲ್ನೇ ಡಾರ್ಟ್ ಟ್ರೆಬಲ್‌ಗೆ ಬಿತ್ತು ಅಂತ ಖುಷಿಪಡೋ ಹೊತ್ತಿಗೆ ಅದರ ಹಿಂದಿನ ರೆಕ್ಕೆ ಸ್ವಲ್ಪ ಜೋತುಬಿದ್ದು ಅದೇ ಪಟ್ಟಿನ ಅರ್ಧ ಮುಚ್ಚಿರುತ್ತೆ, ಎರಡನೇದನ್ನ ಅದರ ಪಕ್ಕ ತೂರಿಸ್ಬೇಕು, ಮೂರನೇದಕ್ಕೆ ಜಾಗಾನೇ ಕಾಣಲ್ಲ. ದೊಡ್ಡ ದೊಡ್ಡ ಆಟಗಾರರು ಮಧ್ಯದಲ್ಲಿ ಸರಕ್ಕನೆ ಕೆಳಗಿನ ಟ್ರೆಬಲ್ 19ಕ್ಕೆ ಇಳಿಯೋದು ಇದಕ್ಕೇನೇ.

ಟಿವಿಲಿ ಮೊದಲ ನೈನ್ ಡಾರ್ಟರ್ ಹೊಡ್ದಿದ್ದು ಜಾನ್ ಲೋ, 1984ರ ಅಕ್ಟೋಬರ್ 13, ಇಂಗ್ಲೆಂಡಿನ ಸ್ಲೌನಲ್ಲಿ, ಎದುರಿಗೆ ಕೀತ್ ಡೆಲ್ಲರ್. ಆರು ಟ್ರೆಬಲ್ 20 ಆದ್ಮೇಲೆ ಟ್ರೆಬಲ್ 17, ಟ್ರೆಬಲ್ 18, ಡಬಲ್ 18. ಕೈಗೆ ಬಂದಿದ್ದು 1,02,000 ಪೌಂಡ್. ಆ ಕಾಲದಲ್ಲಿ! 1990ರ ವರ್ಲ್ಡ್ ಚಾಂಪಿಯನ್‌ಶಿಪ್‌ನಲ್ಲಿ ಪಾಲ್ ಲಿಮ್ ಹೊಡೆದಾಗ್ಲೂ ಇದೇ ಕಥೆ, ಒಂಬತ್ತು ಡಾರ್ಟ್‌ಗೆ ಅವನಿಗೆ 52,000 ಪೌಂಡ್, ಟೂರ್ನಿನೇ ಗೆದ್ದ ಫಿಲ್ ಟೇಲರ್‌ಗೆ ಅದರ ಅರ್ಧದಷ್ಟೂ ಇಲ್ಲ.

ಈಗ ಸ್ನೂಕರ್. ಹದಿನೈದು ರೆಡ್, ಪ್ರತಿ ರೆಡ್ ಆದ್ಮೇಲೂ ಅತಿ ಹೆಚ್ಚು ಪಾಯಿಂಟ್‌ನ ಬ್ಲ್ಯಾಕ್, ಕೊನೆಗೆ ಯೆಲ್ಲೋಯಿಂದ ಬ್ಲ್ಯಾಕ್‌ವರೆಗೆ ಆರು ಕಲರ್. ಒಟ್ಟು 36 ಪಾಟ್ (ಚೆಂಡನ್ನ ಪಾಕೆಟ್‌ಗೆ ಹಾಕೋದು), ನಡುವೆ ಒಂದೂ ತಪ್ಪೋ ಹಾಗಿಲ್ಲ. ಡಾರ್ಟ್ಸ್ ಫ್ರೆಂಡ್ ಒಬ್ಬ ಇಲ್ಲೇ ಕ್ಯಾಲ್ಕುಲೇಟರ್ ತೆಗೀತಾನೆ. ಒಳ್ಳೇ ಪ್ರೊ ಒಬ್ಬ ಟ್ರೆಬಲ್‌ನ ಅರ್ಧಕ್ಕರ್ಧ ಸಲ ಹಿಡೀತಾನೆ ಅಂತ ಧಾರಾಳವಾಗೇ ಇಟ್ಕೊಂಡ್ರೂ ಒಂಬತ್ತೂ ಬೀಳೋ ಚಾನ್ಸ್ 512ಕ್ಕೆ 1. ಸ್ನೂಕರ್ ಪ್ರೊ ನೂರಕ್ಕೆ 95 ಪಾಟ್ ಮಾಡ್ತಾನೆ ಅಂತ ಇಟ್ಕೊಂಡ್ರೆ 36 ಸತತವಾಗಿ ಹೋಗೋ ಚಾನ್ಸ್ ಸುಮಾರು 6ಕ್ಕೆ 1. ನೋಡು, ನಮ್ದೇ ಕಷ್ಟ ಅಂತಾನೆ. ಗುರು, ಹಾಗಿದ್ರೆ ಪ್ರತಿ ಸಂಜೆ ಟಿವಿಲಿ ಎರಡು ಮೂರು 147 ಬೀಳ್ಬೇಕಿತ್ತಲ್ಲ? ಬೀಳಲ್ಲ. 1982ರಲ್ಲಿ ಮೊದಲ ಅಧಿಕೃತ 147 ಬಂದಾಗಿಂದ 200 ದಾಟೋಕೆ ನಾಲ್ಕು ದಶಕಕ್ಕಿಂತ ಜಾಸ್ತಿ ಹಿಡೀತು.

ಯಾಕಂದ್ರೆ ಕಷ್ಟ ಇರೋದು ಪಾಟ್ ಮಾಡೋದ್ರಲ್ಲಿ ಅಲ್ಲ. ಡಾರ್ಟ್ ಬೋರ್ಡ್ ಕದಲಲ್ಲ, ಟ್ರೆಬಲ್ 20 ನಿನ್ನೆ ಎಲ್ಲಿತ್ತೋ ಇವತ್ತೂ ಅಲ್ಲೇ, ಎದುರಾಳಿ ಅದನ್ನ ಮುಟ್ಟೋ ಹಾಗೂ ಇಲ್ಲ, ಪ್ರತಿ ಲೆಗ್‌ನಲ್ಲೂ ಇಬ್ಬರಿಗೂ ಹೊಸದಾಗಿ ಒಂದೊಂದು ಅವಕಾಶ ಬಂದು ಕೂತಿರುತ್ತೆ. ಸ್ನೂಕರ್‌ನಲ್ಲಿ ಎದುರಾಳಿ ಬ್ರೇಕ್ ಆಫ್ (ಮೊದಲ ಹೊಡೆತ) ಮಾಡಿ, ಇಬ್ಬರೂ ಸೇಫ್ಟಿ (ಎದುರಿನವನಿಗೆ ಪಾಟ್ ಸಿಗದ ಹಾಗೆ ಹೊಡೆಯೋದು) ಆಡಿ ಆಡಿ ಒಂದೆರಡು ರೆಡ್ ಟೇಬಲ್ ಅಂಚಿನ ಸೈಡ್ ಕುಶನ್‌ಗೆ ಅಂಟ್ಕೊಂಡ್ರೆ, ಇಲ್ಲಾ ಬ್ಲ್ಯಾಕ್ ಸುತ್ತ ರೆಡ್ ಮುತ್ಕೊಂಡ್ರೆ, ನೀವು ಟೇಬಲ್ ಹತ್ರ ಎದ್ದು ಬರೋಷ್ಟ್ರಲ್ಲೇ 147 ಸತ್ತೋಗಿರುತ್ತೆ. ಎಷ್ಟೋ ಫ್ರೇಮ್‌ನಲ್ಲಿ (ಸ್ನೂಕರ್‌ನ ಒಂದು ಸುತ್ತಿನ ಆಟ) ಪ್ರಯತ್ನ ಮಾಡೋಕೇ ಅವಕಾಶ ಇರಲ್ಲ. ಇದ್ದಾಗ್ಲೂ ರೆಡ್ ಹಾಕೋದ್ರ ಜೊತೆಗೆ ಬಿಳಿ ಚೆಂಡು ಬ್ಲ್ಯಾಕ್ ಹತ್ರ ಹೋಗಿ ನಿಲ್ಬೇಕು, ಅದೂ ಸರಿಯಾದ ಪಕ್ಕದಲ್ಲಿ, ತೀರಾ ನೇರ ನಿಂತ್ರೂ ವಾಪಸ್ ರೆಡ್‌ಗೆ ಬರೋಕಾಗಲ್ಲ. ಪ್ರತಿ ಶಾಟೂ ಮುಂದಿನ ಶಾಟ್‌ನ ಪ್ರಶ್ನೆಪತ್ರಿಕೆ ಬರೀತಾ ಹೋಗುತ್ತೆ. ಹದಿನೈದನೇ ಬ್ಲ್ಯಾಕ್ ಆದ್ಮೇಲೆ ಆ ತುದಿಯಿಂದ ಈ ತುದಿಗೆ, ಯೆಲ್ಲೋಗೆ ಬರೋ ಆ ಉದ್ದದ ಪಯಣ ಇದ್ಯಲ್ಲ, ಅದೊಂದೇ ಸಾಕು ಬೆವರಿಳಿಸೋಕೆ.

ಇನ್ನು ನನ್ನ ಪರ್ಸನಲ್ ಕಿರಿಕಿರಿ. ಬ್ಲ್ಯಾಕ್ ಸ್ಪಾಟ್, ಅಂದ್ರೆ ಬ್ಲ್ಯಾಕ್ ಹಾಕಿದಾಗೆಲ್ಲ ಅದನ್ನ ವಾಪಸ್ ಇಡೋ ಜಾಗ. ಟಿವಿಲಿ ನೋಡೋರಿಗೆ ಇದು ಗೊತ್ತೇ ಆಗಲ್ಲ, ಅಲ್ಲಿ ರೆಫ್ರಿ ಬಿಳಿ ಗ್ಲೌಸ್ ಹಾಕ್ಕೊಂಡು ಬ್ಲ್ಯಾಕ್‌ನ ತೆಗೆದು ಒರೆಸಿ ತಟ್ಟಂತ ಇಡ್ತಾರೆ. ಪಾರ್ಲರ್‌ನಲ್ಲಿ ಚೆಂಡು ಜೋಡಿಸಿಕೊಡೋ ಮಾರ್ಕರ್ ಹುಡುಗ ಸಂಜೆ ಹೊತ್ತು ಕೌಂಟರ್‌ನಲ್ಲಿ ಬಿಲ್ ಮಾಡ್ತಾ ಇರ್ತಾನೆ, ಹಾಗಾಗಿ ಬ್ಲ್ಯಾಕ್ ಹಾಕಿದ್ಮೇಲೆ ನಾವೇ ಕ್ಯೂ ಪಕ್ಕಕ್ಕಿಟ್ಟು, ಟೇಬಲ್ ಸುತ್ತಿ ಬಂದು, ಪಾಕೆಟ್ ಒಳಗೆ ಕೈ ಹಾಕಿ, ಚಾಕ್ ಮೆತ್ಕೊಂಡಿರೋ ಬೆರಳಲ್ಲೇ ಚೆಂಡು ಹಿಡಿದು ಸ್ಪಾಟ್ ಮೇಲೆ ಇಡ್ಬೇಕು. ಲಯ ಅನ್ನೋದು ಅಲ್ಲೇ ಹೋಯ್ತು. ಎದುರಿಗೆ ಕೂತೋನು ಫೋನಲ್ಲಿ ಮುಳುಗಿರ್ತಾನೆ, ಅವನನ್ನ ಕೇಳೋಕೂ ಮನಸ್ಸು ಬರಲ್ಲ.

ಅದಕ್ಕಿಂತ ಕೆಟ್ಟದ್ದು ಆ ಸ್ಪಾಟ್‌ನ ಸ್ಥಿತಿ. ಮೇಲಿನ ಕುಶನ್‌ನಿಂದ 324 ಮಿಲಿಮೀಟರ್ ದೂರದಲ್ಲಿರೋ ಒಂದು ಚುಕ್ಕೆ ಅದು, ವರ್ಷಗಟ್ಲೆ ಅಲ್ಲೇ ಚೆಂಡು ಕುಟ್ಟಿ ಕುಟ್ಟಿ ಇಟ್ಟು ಬಟ್ಟೆ ಸವೆದು ಸಣ್ಣ ಗುಳಿ ಬಿದ್ದಿದೆ. ಬ್ಲ್ಯಾಕ್ ಇಟ್ರೆ ಅಲ್ಲೇ ಒಂಚೂರು ಅಲ್ಲಾಡಿ ತನಗೆ ಬೇಕಾದ ಕಡೆ ಕೂರುತ್ತೆ. ನೀವು ಲೆಕ್ಕ ಹಾಕಿರೋ ಆಂಗಲ್ ಒಂದು, ಚೆಂಡು ಕೂತಿರೋದು ಕೂದಲೆಳೆಯಷ್ಟು ಪಕ್ಕದಲ್ಲಿ. ಮೆಲ್ಲಗೆ ಹೊಡೆದ್ರೆ ಆ ಗುಳಿಯಿಂದ ಏಳುವಾಗ ಚೆಂಡು ಸಣ್ಣಗೆ ಜಿಗಿದು ಪಾಕೆಟ್‌ನ ದವಡೆಗೆ ತಾಗಿ ಆಚೆ ಬರುತ್ತೆ, ಜೋರಾಗಿ ಹೊಡೆದ್ರೆ ಬಿಳಿ ಚೆಂಡು ಊರೆಲ್ಲಾ ಸುತ್ತುತ್ತೆ. ಇದರ ಜೊತೆಗೆ ಚಾಕ್ ಪುಡಿಯಿಂದ ಕಿಕ್ (ಚೆಂಡು ಸರಿಯಾಗಿ ತಾಗದೆ ಹಾದಿ ತಪ್ಪೋದು) ಬೇರೆ, ಎರಡು ಚೆಂಡಿನ ಮಧ್ಯೆ ಒಂದು ಕಣ ಸಿಕ್ಕಿಹಾಕ್ಕೊಂಡ್ರೂ ಸದ್ದೇ ಬೇರೆ ಬರುತ್ತೆ, ಟಕ್ ಅನ್ನೋ ಬದಲು ಮೊದ್ದಾಗಿ ದಬ್ ಅನ್ನುತ್ತೆ, ಆ ಸದ್ದು ಕೇಳಿದ್ರೆ ಪಾಟ್ ನೋಡೋದೇ ಬೇಡ. 147 ಅಂದ್ರೆ ಇಂಥ ಸ್ಪಾಟ್ ಮೇಲೆ ಹದಿನೈದು ಸಲ ವಾಪಸ್ ಇಟ್ಟು ಹದಿನಾರು ಸಲ ಹೊಡೀಬೇಕು. ನನಗೆ ಮೂರನೇ ನಾಲ್ಕನೇ ಬ್ಲ್ಯಾಕ್‌ಗೇ ಕಥೆ ಮುಗೀತದೆ, ಅಷ್ಟೊತ್ತಿಗೆ ಅರ್ಧ ಗಂಟೆ ಬಿಲ್ಲೂ ಏರಿರುತ್ತೆ. ಡಾರ್ಟ್ಸ್‌ನಲ್ಲಿ ಇದಕ್ಕೆ ಸಮನಾದ ತಲೆನೋವು ಅಂದ್ರೆ ತಂತಿಗೆ ಬಡಿದು ಕೆಳಗೆ ಬೀಳೋ ಡಾರ್ಟು, ಟೈಲ್ಸ್‌ಗೊಂದು ಚುಕ್ಕೆ. ಅಷ್ಟೇ.

ಪಾಕೆಟ್ ಅಂದಾಗ ನೆನಪಾಯ್ತು. ಜಾನ್ ಸ್ಪೆನ್ಸರ್ 1979ರಲ್ಲೇ 147 ಹೊಡೆದಿದ್ದ, ಪಾಕೆಟ್ ಅಳತೆ ಜಾಸ್ತಿ ಇತ್ತು ಅಂತ ಅದನ್ನ ಅಧಿಕೃತ ಅಂತ ಒಪ್ಪಲೇ ಇಲ್ಲ, ಟಿವಿ ಕ್ಯಾಮೆರಾಗಳೂ ಆ ಹೊತ್ತಿಗೆ ಬಂದ್ ಆಗಿದ್ವಂತೆ. 1982ರ ಜನವರಿ 11ಕ್ಕೆ ಓಲ್ಡಮ್‌ನಲ್ಲಿ ಸ್ಟೀವ್ ಡೇವಿಸ್ ಮೊದಲ ಅಧಿಕೃತ 147 ಹೊಡೆದು ಲಾಡಾ ಕಾರ್ ಗೆದ್ದಾಗ ಎದುರಿನ ಕುರ್ಚಿಲಿ ಕೂತು ನೋಡ್ತಿದ್ದಿದ್ದು ಯಾರು? ಅದೇ ಸ್ಪೆನ್ಸರ್. ಹಣೆಬರಹ. ಮರುವರ್ಷ ಶೆಫೀಲ್ಡ್‌ನ ಕ್ರೂಸಿಬಲ್‌ನಲ್ಲಿ ಕ್ಲಿಫ್ ಥಾರ್ಬರ್ನ್ ಹೊಡೆದಾಗ ಮೊದಲ ರೆಡ್ ಬಿದ್ದಿದ್ದೇ ಫ್ಲೂಕ್‌ನಲ್ಲಿ, ಆಮೇಲೆ ಪಕ್ಕದ ಟೇಬಲ್ ಆಟ ನಿಂತು ಅಲ್ಲಿನೋರೂ ಇಣುಕಿ ನೋಡ್ತಾ ನಿಂತ್ರು.

ಡಾರ್ಟ್ಸ್‌ಗೆ ಒಂದು ವಿಷಯದಲ್ಲಿ ತಲೆ ಬಾಗ್ತೀನಿ. ಅಲ್ಲಿ ರಿಪೇರಿ ಇಲ್ಲ. ಸ್ನೂಕರ್‌ನಲ್ಲಿ ಪೊಸಿಷನ್ ಕೆಟ್ರೂ ಒಂದು ಉದ್ದದ ಪಾಟ್ ಹಾಕಿ ಬ್ರೇಕ್ (ಒಂದೇ ಸರದಿಯ ಸ್ಕೋರ್) ಉಳಿಸ್ಕೋಬಹುದು, ಸ್ನೂಕರ್ ದಿಗ್ಗಜ ರಾನಿ ಓಸಲಿವನ್ ಅರ್ಧ ಜೀವನ ಅದನ್ನೇ ಮಾಡಿದಾನೆ. ಡಾರ್ಟ್ಸ್‌ನಲ್ಲಿ ಒಂದು ಮಿಲಿಮೀಟರ್ ಆಚೆ ಬಿತ್ತಾ, ಮುಗೀತು. 2023ರ ಜನವರಿ, ಲಂಡನ್‌ನ ಅಲೆಕ್ಸಾಂಡ್ರಾ ಪ್ಯಾಲೇಸ್, ವರ್ಲ್ಡ್ ಚಾಂಪಿಯನ್‌ಶಿಪ್ ಫೈನಲ್. ಮೈಕಲ್ ವಾನ್ ಗರ್ವನ್ ಎಂಟು ಡಾರ್ಟ್ ಪರ್ಫೆಕ್ಟ್, ಒಂಬತ್ತನೇದು ಡಬಲ್ 12ಕ್ಕೆ, ಮಿಸ್. ಅದೇ ಲೆಗ್‌ನಲ್ಲಿ ತಕ್ಷಣ ಬಂದ ಮೈಕಲ್ ಸ್ಮಿತ್ ತನ್ನ ಒಂಬತ್ತೂ ಮುಗಿಸಿಬಿಟ್ಟ. ಕಾಮೆಂಟೇಟರ್‌ಗಳ ಗಂಟಲು ಹೋಗಿತ್ತು. ಕ್ರೂರ ಅಂದ್ರೆ ಇದು. ಆದ್ರೆ ಸ್ನೂಕರ್‌ನಲ್ಲೂ ಕೆನ್ ಡೊಹರ್ಟಿನ ಮರೆಯೋಕಾಗುತ್ತಾ, 2000ದ ಮಾಸ್ಟರ್ಸ್ ಫೈನಲ್‌ನಲ್ಲಿ 140ರ ತನಕ ಬಂದು, ಕೊನೇ ಬ್ಲ್ಯಾಕ್, ಸ್ಪಾಟ್ ಮೇಲಿರೋ ಸೀದಾ ಸಾದಾ ಬ್ಲ್ಯಾಕ್ ಮಿಸ್ ಮಾಡ್ದ. 147ಕ್ಕೆ ಇಟ್ಟಿದ್ದ ಸ್ಪೋರ್ಟ್ಸ್ ಕಾರ್ ಹೋಯ್ತು.

ಹೊತ್ತಿನ ಮಾತಿಗೆ ಬಂದ್ರೆ, ರಾನಿ 1997ರಲ್ಲಿ ಐದು ನಿಮಿಷ ಚಿಲ್ಲರೆಯಲ್ಲಿ 147 ಮುಗಿಸಿದ್ದು ಮನುಷ್ಯರ ಲೆಕ್ಕಕ್ಕೆ ಬರಲ್ಲ, ಬಿಡಿ. ಅವನೇ 2016ರಲ್ಲಿ ವೆಲ್ಷ್ ಓಪನ್‌ನಲ್ಲಿ 10,000 ಪೌಂಡ್ ಬಹುಮಾನ ಏನೇನೂ ಸಾಲದು ಅಂತ ಬ್ಲ್ಯಾಕ್ ಬಿಟ್ಟು ಬೇಕಂತ ಪಿಂಕ್ ಹಾಕಿ 146ಕ್ಕೆ ನಿಲ್ಲಿಸಿದ! ಡಾರ್ಟ್ಸ್‌ನವರು ಇದನ್ನ ಹಿಡ್ಕೊಂಡು ನೋಡಿ ಎಷ್ಟು ಸುಲಭ ಅಂತಾರೆ. ರಾನಿಗೆ ಸುಲಭ ಸ್ವಾಮಿ, ಮಿಕ್ಕೋರಿಗಲ್ಲ.

ನಮ್ಮ ದೇಶದ ಲೆಕ್ಕಾನೇ ತಗೊಳ್ಳಿ. ಸ್ನೂಕರ್ ಹುಟ್ಟಿದ್ದು 1875ರಲ್ಲಿ ಜಬಲ್‌ಪುರದಲ್ಲಿ, ರೂಲ್ಸ್ ಬರೆದು ಗೋಡೆಗೆ ಹಾಕಿದ್ದು ಇಲ್ಲೇ ಪಕ್ಕದ ಊಟಿ ಕ್ಲಬ್‌ನಲ್ಲಿ, ಪಂಕಜ್ ಅಡ್ವಾಣಿ ಅಂಥೋರು ನಮ್ಮ ಬೆಂಗಳೂರಲ್ಲೇ ಬೆಳೆದೋರು. ಆದ್ರೂ ಪ್ರೊ ಟೂರ್ನಿಯಲ್ಲಿ ಭಾರತೀಯನೊಬ್ಬನ ಮೊದಲ 147 ಬರೋಕೆ 2014 ಆಗ್ಬೇಕಾಯ್ತು, ಮುಂಬೈನ ಆದಿತ್ಯ ಮೆಹ್ತಾ, ಜರ್ಮನಿಯಲ್ಲಿ, ಸ್ಟೀಫನ್ ಮಗ್ವಾಯರ್ ವಿರುದ್ಧ.

ಹಾಗಾಗಿ ಕಷ್ಟದ ವಿಷಯದಲ್ಲಿ ನನ್ನ ಓಟು 147ಕ್ಕೇ. ನಮ್ಮಂಥೋರ ಮಟ್ಟದಲ್ಲಂತೂ ಎರಡೂ ಒಂದೇ, ಹತ್ತಕ್ಕೊಂದು ಟ್ರೆಬಲ್ ಹಿಡಿಯೋನಿಗೆ ನೈನ್ ಡಾರ್ಟರ್ ಚಾನ್ಸ್ ನೂರು ಕೋಟಿಗೆ ಒಂದು. ಆದ್ರೆ ಡಾರ್ಟ್ಸ್‌ನಲ್ಲಿ ಆಗಾಗ 140 ಬೀಳುತ್ತೆ, ಅಪರೂಪಕ್ಕೆ 180 ಬಿದ್ದು ಮನೆಯವರನ್ನೆಲ್ಲ ಕರೆದು ತೋರಿಸೋ ಭಾಗ್ಯಾನೂ ಸಿಗುತ್ತೆ, ಅಂದ್ರೆ ಪರ್ಫೆಕ್ಟ್ ಲೆಗ್‌ನ ಮೂರನೇ ಒಂದು ಭಾಗದ ರುಚಿ ನೋಡಿದ ಹಾಗೆ. ಸ್ನೂಕರ್‌ನಲ್ಲಿ ಆ ಪಾಲಿಗೆ 49ರ ಬ್ರೇಕ್ ಬೇಕು, ಅದೂ ಬರೀ ರೆಡ್ಡು ಬ್ಲ್ಯಾಕಲ್ಲಿ. ನಂಗಂತೂ ಆಗಿಲ್ಲ.

ಬಜೆಟ್ ನೋಡ್ಕೊಂಡು ಏನು ಶುರು ಮಾಡ್ಲಿ ಅಂತ ಕೇಳೋರಿಗೆ ಮಾತ್ರ ಡಾರ್ಟ್ಸ್ ಅಂತೀನಿ. ಮ್ಯಾಗ್ನೆಟ್‌ದು, ಪೇಪರ್ ಸುತ್ತಿದ್ದು ಬೇಡ, ಸೈಸಲ್ ನಾರಿನ ಬೋರ್ಡೇ ತಗೊಳ್ಳಿ, ಬುಲ್ (ಬೋರ್ಡಿನ ನಟ್ಟನಡುವಿನ ಚುಕ್ಕೆ) ನೆಲದಿಂದ 1.73 ಮೀಟರ್‌ಗೆ ಬರೋ ಹಾಗೆ ಮೊಳೆ ಹೊಡೀರಿ, ಬಾಡಿಗೆ ಮನೆ ಆದ್ರೆ ಹಿಂದೆ ಒಂದು ದಪ್ಪ ಥರ್ಮಾಕೋಲ್ ಶೀಟ್ ಹಾಕಿ, ಇಲ್ಲಾಂದ್ರೆ ಅಡ್ವಾನ್ಸ್‌ನಲ್ಲಿ ಪೇಂಟಿಂಗ್ ದುಡ್ಡು ಕಟ್ ಆಗುತ್ತೆ.