ಮನೆಯಲ್ಲೇ ಕಂಪ್ರೆಷನ್ ಅಳೆಯುವ ಗೇಜ್ ಕಿಟ್: ಎಂಟು ತಿಂಗಳ ಬಳಕೆಯ ನಂತರ

ನಮ್ಮ ಮನೆಯ ಮಾರುತಿ ಓಮ್ನಿ ಗ್ಯಾಸಿನಲ್ಲಿ ಓಡುವ ಹಳೆಯ ಗಾಡಿ. ಕಳೆದ ಮಳೆಗಾಲದಲ್ಲಿ ಅದು ಐಡ್ಲಿಂಗಿನಲ್ಲಿ ನಡುಗತೊಡಗಿತು, ಏರಿನಲ್ಲಿ ಪಿಕಪ್ ಬಿದ್ದುಹೋಯಿತು. ಪ್ಲಗ್, ಪ್ಲಗ್ ವೈರ್, ಡಿಸ್ಟ್ರಿಬ್ಯೂಟರ್ ಕ್ಯಾಪ್ ಎಲ್ಲವನ್ನೂ ಬದಲಾಯಿಸಿದರೂ ಮಿಸ್ಸಿಂಗ್ (ಸಿಲಿಂಡರ್ ಒಂದು ಸರಿಯಾಗಿ ಉರಿಯದೆ ತಪ್ಪುವುದು) ನಿಲ್ಲಲಿಲ್ಲ. ತೋರಿಸಿದ ಗ್ಯಾರೇಜಿನವರು ಸದ್ದು ಕೇಳಿಯೇ ಪಿಸ್ಟನ್ನಿನ ಸುತ್ತ ಸಂದು ಮುಚ್ಚುವ ರಿಂಗ್ ಹೋಗಿದೆ, ಎಂಜಿನ್ ಇಳಿಸಿ ಸಿಲಿಂಡರ್ ಕೊರೆದು ಬೋರ್ ಮಾಡಿಸಬೇಕು ಎಂದರು. ಅಳೆದು ನೋಡದೆ ಅಷ್ಟು ದೊಡ್ಡ ಖರ್ಚಿಗೆ ಒಪ್ಪಲು ಮನಸ್ಸಾಗದೆ, ಕಂಪ್ರೆಷನ್ (ಸಿಲಿಂಡರಿನೊಳಗೆ ಪಿಸ್ಟನ್ ಗಾಳಿಯನ್ನು ಅದುಮಿದಾಗ ಏಳುವ ಒತ್ತಡ) ಅಳೆಯುವ ಗೇಜ್ ಕಿಟ್ ಒಂದನ್ನು 1,150 ರೂಪಾಯಿಗೆ ಆನ್‌ಲೈನಿನಲ್ಲಿ ತರಿಸಿಕೊಂಡೆ.

ಪೆಟ್ಟಿಗೆಯಲ್ಲಿ 300 ಪಿಎಸ್‌ಐವರೆಗೆ (ಪಿಎಸ್‌ಐ ಎಂದರೆ ಒತ್ತಡದ ಅಳತೆ) ತೋರಿಸುವ ಗೇಜ್, ಒಂದು ರಬ್ಬರ್ ಹೋಸ್, 10, 12, 14 ಮತ್ತು 18 ಮಿ.ಮೀ. ಅಡಾಪ್ಟರುಗಳಿವೆ. ಓಮ್ನಿಯ 796 ಸಿಸಿ, ಮೂರು ಸಿಲಿಂಡರಿನ ಎಂಜಿನ್ನಿಗೆ 14 ಮಿ.ಮೀ.ನದು ಸರಿಹೊಂದುತ್ತದೆ. ಎಂಜಿನ್ ಮುಂದಿನ ಸೀಟುಗಳ ಅಡಿಯಲ್ಲೇ ಇರುವುದರಿಂದ ಸೀಟು ಎತ್ತಿದರೆ ಕೆಲಸ ಕೈಗೆ ಸಿಗುತ್ತದೆ. ಪ್ಲಗ್ ಕೂರುವ ಹೆಡ್ (ಸಿಲಿಂಡರುಗಳ ಮೇಲಿನ ಮುಚ್ಚಳ) ಅಲ್ಯೂಮಿನಿಯಮ್ಮಿನದಾದ್ದರಿಂದ ಅಡಾಪ್ಟರನ್ನು ಪ್ಲಗ್ ತೂತಿಗೆ ಬೆರಳಿನಲ್ಲೇ ತಿರುಗಿಸಿ ಕೂರಿಸಬೇಕು; ಸ್ಪ್ಯಾನರ್ ಹಾಕಿ ಬಲವಂತ ಮಾಡಿದರೆ ಥ್ರೆಡ್ ಕೆಟ್ಟು ಇಲ್ಲದ ರಿಪೇರಿ ಮೈಮೇಲೆ ಬರುತ್ತದೆ.

ಜೊತೆಗೆ ಬಂದ ಕಾಗದದಲ್ಲಿ ಪರೀಕ್ಷೆಯ ಕ್ರಮವನ್ನು ಎರಡೇ ಸಾಲಿನಲ್ಲಿ ಮುಗಿಸಿದ್ದಾರೆ, ಅದು ಏನೇನೂ ಸಾಲದು. ಗ್ಯಾಸ್ ಗಾಡಿಯಾದರೆ ಮೊದಲು ಟ್ಯಾಂಕಿನ ವಾಲ್ವ್ ಮುಚ್ಚಿ, ಪೈಪಿನಲ್ಲಿ ಉಳಿದ ಗ್ಯಾಸ್ ತೀರಿ ಬಿಸಿಯಾದ ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಬೇಕು. ಆಮೇಲೆ ಇಗ್ನಿಷನ್ ಕಾಯಿಲಿಗೆ ಹೋಗುವ ವೈರ್ ಕಳಚಿ, ಮೂರೂ ಪ್ಲಗ್ ಬಿಚ್ಚಿ, ಒಂದೊಂದೇ ತೂತಿಗೆ ಗೇಜ್ ಹಾಕಿ, ಒಬ್ಬರು ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದಿರುವಾಗ ಸ್ಟಾರ್ಟರ್ ತಿರುಗಿಸಿ, ಮುಳ್ಳು ಐದಾರು ಬಾರಿ ಜಿಗಿಯುವವರೆಗೆ ನೋಡಬೇಕು. ಆಕ್ಸಿಲರೇಟರ್ ಒತ್ತದಿದ್ದರೆ ಒಳಗೆ ಸಾಕಷ್ಟು ಗಾಳಿ ಹೋಗದೆ ಚೆನ್ನಾಗಿರುವ ಎಂಜಿನ್ನೂ ಕಡಿಮೆ ತೋರಿಸುತ್ತದೆ. ಬ್ಯಾಟರಿ ಸೊರಗಿದ್ದರೂ ಅಷ್ಟೇ.

ನನ್ನ ಗಾಡಿಯಲ್ಲಿ ಮೊದಲ ಸಿಲಿಂಡರ್ 160, ಎರಡನೆಯದು 155, ಮೂರನೆಯದು 95 ತೋರಿಸಿದವು. ಮೂರನೆಯದರ ಪ್ಲಗ್ ತೂತಿನಲ್ಲಿ ಒಂದು ಚಹಾ ಚಮಚದಷ್ಟು ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆದೆ. ರಿಂಗ್ ಸವೆದಿದ್ದರೆ ಆಯಿಲ್ ಆ ಸಂದನ್ನು ತಾತ್ಕಾಲಿಕವಾಗಿ ಮುಚ್ಚಿ ಅಂಕಿ ಎದ್ದು ಕಾಣುವಷ್ಟು ಏರಬೇಕಿತ್ತು, ಆದರೆ ಮುಳ್ಳು 100ಕ್ಕೆ ಬಂದು ನಿಂತಿತು. ಪಕ್ಕದ ಎರಡನೆಯ ಸಿಲಿಂಡರ್ ಗಟ್ಟಿಯಾಗಿದ್ದುದರಿಂದ ಎರಡರ ನಡುವೆ ಹೆಡ್ ಗ್ಯಾಸ್ಕೆಟ್ (ಹೆಡ್ಡಿನ ಅಡಿಯಲ್ಲಿ ಸೋರದಂತೆ ಹಾಕುವ ಪದರ) ಹೋಗಿರುವ ಸಂಭವವೂ ಕಡಿಮೆ; ಹಾಗೆ ಹೋದಾಗ ಸಾಮಾನ್ಯವಾಗಿ ಅಕ್ಕಪಕ್ಕದ ಎರಡೂ ಒಟ್ಟಿಗೆ ಬೀಳುತ್ತವೆ. ಉಳಿದ ಗುಮಾನಿ ಸಿಲಿಂಡರಿನ ಬಾಯಿ ತೆರೆದು ಮುಚ್ಚುವ ವಾಲ್ವಿನ ಮೇಲೆ.

ಗ್ಯಾಸಿನಲ್ಲಿ ಓಡುವ ಎಂಜಿನ್ನಿನಲ್ಲಿ ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವಿನ ಸೀಟು (ವಾಲ್ವ್ ಮುಚ್ಚಿದಾಗ ಕೂರುವ ಅಂಚು) ಸವೆದು, ವಾಲ್ವ್ ಮೇಲಕ್ಕೆ ಸರಿದು, ಅದಕ್ಕೂ ಅದನ್ನು ಒತ್ತುವ ಟ್ಯಾಪೆಟ್ಟಿಗೂ ನಡುವಿನ ಸಂದು ಮುಚ್ಚಿಹೋಗುವುದುಂಟು. ಸಂದೇ ಇಲ್ಲದಿದ್ದರೆ ವಾಲ್ವ್ ಪೂರ್ತಿ ಕೂರುವುದಿಲ್ಲ. ಮರುದಿನ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಕವರ್ ತೆಗೆದು ನೋಡಿದರೆ, ಮೂರನೆಯ ಎಕ್ಸಾಸ್ಟ್ ವಾಲ್ವಿನಲ್ಲಿ ಸಂದು ಅಳೆಯುವ ಫೀಲರ್ ಗೇಜಿನ ಅತಿ ತೆಳುವಾದ ಪಟ್ಟಿಯೂ ತೂರಲಿಲ್ಲ. ಸರ್ವಿಸ್ ಪುಸ್ತಕದ ಅಳತೆಗೆ ಟ್ಯಾಪೆಟ್ ಹೊಂದಿಸಿ, ಎಂಜಿನ್ ಬಿಸಿ ಮಾಡಿ ಮತ್ತೆ ಅಳೆದಾಗ ಮುಳ್ಳು 148ಕ್ಕೆ ಬಂತು. ನಡುಕ ನಿಂತಿತು. ಆ ಎಂಜಿನ್ ಇಂದಿಗೂ ಬಿಚ್ಚದೆ ಓಡುತ್ತಿದೆ. ಸೀಟು ಸವೆಯುವುದು ನಿಂತಿಲ್ಲವಾದ್ದರಿಂದ ಎರಡು ತಿಂಗಳಿಗೊಮ್ಮೆ ಅದೇ ಗೇಜ್ ಹಾಕಿ, ಅಂಕಿಗಳನ್ನು ಡೈರಿಯಲ್ಲಿ ಬರೆದಿಡುತ್ತಿದ್ದೇನೆ.

ಇಷ್ಟು ಉಪಕಾರವಾದರೂ ಕಿಟ್ಟಿನ ಕೊರತೆಗಳನ್ನು ಹೇಳಲೇಬೇಕು. ಪರಿಚಯದ ಮೆಕ್ಯಾನಿಕ್ ಒಬ್ಬರ ಒಳ್ಳೆಯ ಗೇಜಿನೊಂದಿಗೆ ಹೋಲಿಸಿದಾಗ ಇದು ಎಲ್ಲ ಸಿಲಿಂಡರಿನಲ್ಲೂ ಸುಮಾರು 8 ಪಿಎಸ್‌ಐ ಕಡಿಮೆ ತೋರಿಸಿತು. ಆದ್ದರಿಂದ ಇದರ ಅಂಕಿಯನ್ನು ನೇರವಾಗಿ ಸರ್ವಿಸ್ ಪುಸ್ತಕದ ಮಿತಿಗೆ ಹೋಲಿಸಿ ಎಂಜಿನ್ನಿನ ಆಯುಸ್ಸು ತೀರ್ಮಾನಿಸಬಾರದು; ಸಿಲಿಂಡರ್ ಸಿಲಿಂಡರಿನ ನಡುವಿನ ವ್ಯತ್ಯಾಸವನ್ನು ಮಾತ್ರ ನಾನು ನಂಬುತ್ತೇನೆ, ಮತ್ತು ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಆ ವ್ಯತ್ಯಾಸದಲ್ಲೇ.

ಇನ್ನೊಂದು ತೊಂದರೆ, ಏರಿದ ಒತ್ತಡವನ್ನು ಗೇಜಿನಲ್ಲೇ ಹಿಡಿದಿಡುವ, ಹೋಸಿನ ತುದಿಯ ವಾಲ್ವ್ ಪಿನ್. ನಾಲ್ಕನೆಯ ತಿಂಗಳಲ್ಲಿ ಅದು ಸೋರತೊಡಗಿ, ಏರಿದ ಮುಳ್ಳು ನಿಲ್ಲದೆ ಕೆಳಗಿಳಿಯುತ್ತಿತ್ತು. ಪಂಕ್ಚರ್ ಅಂಗಡಿಯ ಟೈರ್ ಪಿನ್ ಅದರೊಳಗೆ ಸಲೀಸಾಗಿ ಕೂರುತ್ತದೆ, ಆದರೆ ಅದರ ಸ್ಪ್ರಿಂಗ್ ಗಡುಸು. ಹಾಕಿ ನೋಡಿದಾಗ ಮೂರೂ ಸಿಲಿಂಡರ್ ಒಮ್ಮೆಲೇ 25ರಷ್ಟು ಕಡಿಮೆ ತೋರಿಸಿ ನಾನು ಗಾಬರಿಯಾದೆ. ಗೇಜಿಗೆಂದೇ ಮೆದು ಸ್ಪ್ರಿಂಗಿನ ಪಿನ್ ಬರುತ್ತದೆ, ಅದನ್ನೇ ತರಿಸಿಕೊಳ್ಳಬೇಕು. ಮಾರುವವರು ಪೆಟ್ಟಿಗೆಯಲ್ಲಿ ಹೆಚ್ಚುವರಿಯಾಗಿ ಒಂದು ಪಿನ್ ಇಟ್ಟಿದ್ದರೆ ದೊಡ್ಡ ಉಪಕಾರವಾಗುತ್ತಿತ್ತು.

ಡೀಸೆಲ್ ಗಾಡಿಯವರು ಇದನ್ನು ಕೊಳ್ಳಬಾರದು. ಅಲ್ಲಿನ ಒತ್ತಡ 400 ಪಿಎಸ್‌ಐಯನ್ನೂ ದಾಟುವುದರಿಂದ ಈ ಗೇಜ್ ಒಡೆದು ಅಪಾಯವಾದೀತು. ಅದಕ್ಕೆ 1,000 ಪಿಎಸ್‌ಐವರೆಗಿನ ಬೇರೆ ಕಿಟ್ ಸಿಗುತ್ತದೆ. ಹಳೆಯ ಪೆಟ್ರೋಲ್ ಅಥವಾ ಗ್ಯಾಸ್ ಗಾಡಿ ಇಟ್ಟುಕೊಂಡು, ಟ್ಯಾಪೆಟ್ ಹೊಂದಿಸುವಷ್ಟು ಕೈಪಳಗಿರುವವರಿಗೆ ಐದರಲ್ಲಿ ನಾಲ್ಕು ಅಂಕ ಕೊಟ್ಟು ಶಿಫಾರಸು ಮಾಡುತ್ತೇನೆ. ಕಡಿತವಾದ ಆ ಒಂದು ಅಂಕ ಪಿನ್ನಿನದು.