ದೂರದ ನೆಂಟರೆಲ್ಲ ಸೇರುವ ರಜೆಗೆ ಮನೆ ಬುಕ್ ಮಾಡುವ ಮುಂಚೆ ಇದನ್ನೊಮ್ಮೆ ಓದಿ

ಬೇರೆ ಬೇರೆ ದೇಶಗಳಲ್ಲಿ ಹಂಚಿಹೋಗಿರುವ ನೆಂಟರೆಲ್ಲ ಈ ರಜೆಯಲ್ಲಿ ಒಂದು ಕಡೆ ಸೇರೋಣ ಅಂತ ನಿಮ್ಮ ಮನೆಯಲ್ಲೂ ಮಾತು ನಡೆದಿದ್ದರೆ, ದುಡ್ಡು ಕಳಿಸುವ ಮುಂಚೆ ಸ್ವಲ್ಪ ನಿಲ್ಲಿ. ನಮ್ಮ ಕುಟುಂಬ ಬಾಡಿಗೆಗೇ ಇಲ್ಲದ ಮನೆಗೆ ಪೂರ್ತಿ ಬಾಡಿಗೆ ಕಟ್ಟಿತು. ದುಡ್ಡು ಹೋಯಿತು. ಅದು ಹಾಳಾಗಿ ಹೋಗಲಿ ಅನ್ನೋಣ ಅಂದರೆ, ಅಜ್ಜಿಯಿಂದ ಹಿಡಿದು ಮಕ್ಕಳವರೆಗೆ ಎಲ್ಲರ ಪಾಸ್‌ಪೋರ್ಟ್ ಪ್ರತಿಗಳೂ ಅದೇ ಕಳ್ಳರ ಕೈ ಸೇರಿದವು. ದುಡ್ಡು ಕಳೆದುಕೊಂಡ ಕಥೆಗಳು ಎಲ್ಲ ಕಡೆ ಸಿಗುತ್ತವೆ. ಈ ಎರಡನೆಯ ಪೆಟ್ಟಿನ ಬಗ್ಗೆ ಹೇಳುವವರು ಕಡಿಮೆ.

ಪೊಲೀಸ್ ದೂರಿಗೆ ಕಾಗದಪತ್ರ ಜೋಡಿಸುವ ಕೆಲಸ ನನ್ನ ಪಾಲಿಗೆ ಬಂತು. ಹಾಗಾಗಿ ಮೊದಲ ಮೆಸೇಜಿನಿಂದ ಕೊನೆಯ ರಸೀದಿವರೆಗೆ ಎಲ್ಲವನ್ನೂ ಕೂತು ಓದಿದೆ. ಓದುತ್ತಾ ಹೋದಂತೆ ಒಂದು ಮಾತು ಸ್ಪಷ್ಟವಾಯಿತು. ಈ ಮೋಸಗಾರರು ಒಂಟಿ ಪ್ರವಾಸಿಗನಿಗಿಂತ ನಮ್ಮಂಥ ದೊಡ್ಡ ಗುಂಪನ್ನೇ ಇಷ್ಟಪಡುತ್ತಾರೆ. ಯಾಕೆ ಅಂತ ಹೇಳುತ್ತೇನೆ.

ಎಲ್ಲರಿಗೂ ಒಟ್ಟಿಗೆ ರಜೆ ಸಿಗುವುದೇ ದೊಡ್ಡ ಕಷ್ಟ. ಅಮೆರಿಕ, ಯುರೋಪಿನಲ್ಲಿರುವ ಮಕ್ಕಳಿಗೆ ದೊಡ್ಡ ರಜೆ ಬರುವುದು ಜೂನ್‌ನಿಂದ ಆಗಸ್ಟ್ ನಡುವೆ. ಆಸ್ಟ್ರೇಲಿಯಾದವರಿಗೆ ಅದು ಡಿಸೆಂಬರ್, ಜನವರಿ. ಎಲ್ಲರ ಲೆಕ್ಕ ಕೂಡುವ ವಾರ ವರ್ಷಕ್ಕೆ ಒಂದು ಸಿಕ್ಕರೆ ಪುಣ್ಯ. ಆ ವಾರಕ್ಕೆ ಅಷ್ಟೂ ಜನ ಹಿಡಿಸುವ ಮನೆಯೂ ಬೇಕು. ವಯಸ್ಸಾದವರಿಗೆ ಕೆಳಗಡೆ ಮಲಗುವ ಕೋಣೆ ಬೇಕು. ಇಷ್ಟೆಲ್ಲ ಹೊಂದುವ ಮನೆ ಕಣ್ಣಿಗೆ ಬಿದ್ದ ಕೂಡಲೇ ಕೈ ತಪ್ಪಿ ಹೋದೀತು ಎಂಬ ಅವಸರ ಶುರುವಾಗುತ್ತದೆ. ಕಳ್ಳರಿಗೆ ಬೇಕಾಗಿರುವುದೂ ಅದೇ ಅವಸರ.

ಮನೆ ಹುಡುಕಿದ್ದು ನಮ್ಮ ದೊಡ್ಡಪ್ಪನ ಮಗ, ನಮಗೆಲ್ಲ ಅಣ್ಣ. ಹೆಸರಾಂತ ಬಾಡಿಗೆ ತಾಣವೊಂದರಲ್ಲೇ ಅವನಿಗೆ ಸಿಕ್ಕಿದ್ದು. ಬಾಡಿಗೆ ತೀರಾ ಕಡಿಮೆಯೂ ಇರಲಿಲ್ಲ. ಸುತ್ತಮುತ್ತಲಿನ ಮನೆಗಳಿಗಿಂತ ಸ್ವಲ್ಪ ಇಳಿಸಿದ್ದರು, ಅಷ್ಟೆ. ತೀರಾ ಅಗ್ಗವಾದರೆ ಅನುಮಾನ ಬರುತ್ತದೆ ಅಂತ ಅವರಿಗೂ ಗೊತ್ತಲ್ವಾ. ಅಣ್ಣ ಅಲ್ಲಿ ವಿಚಾರಿಸಿದ್ದಕ್ಕೆ ಮಾಲೀಕನ ಹೆಸರಿನಲ್ಲಿ ಉತ್ತರ ಬಂತು. ಇಲ್ಲಿ ಕಮಿಷನ್ ಜಾಸ್ತಿ, ದೊಡ್ಡ ಕುಟುಂಬ ಅಂತೀರಿ, ನಮ್ಮ ಸ್ವಂತ ವೆಬ್‌ಸೈಟಿನಲ್ಲೇ ಬುಕ್ ಮಾಡಿದರೆ ನಿಮಗೂ ಉಳಿಯುತ್ತದೆ, ನಮಗೂ ಉಳಿಯುತ್ತದೆ ಅಂತ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಎಲ್ಲ ಕೆಟ್ಟದ್ದೂ ಶುರುವಾದದ್ದು ಈ ಸಾಲಿನಿಂದ. ತಾಣದ ಒಳಗೆ ಕಟ್ಟಿದ ದುಡ್ಡಿಗೆ ತಾಣ ಒಂದಿಷ್ಟು ಜವಾಬ್ದಾರಿ ಹೊರುತ್ತದೆ. ಅದರಿಂದ ಹೊರಗೆ ಕಾಲಿಟ್ಟರೆ ನೀವುಂಟು, ಆ ಕಳ್ಳನುಂಟು.

ಆ ವೆಬ್‌ಸೈಟ್ ಚೆನ್ನಾಗಿಯೇ ಇತ್ತು. ಖಾಲಿ ದಿನಗಳ ಕ್ಯಾಲೆಂಡರ್, ಹಳೆಯ ಅತಿಥಿಗಳ ಹೊಗಳಿಕೆ, ಮೇಲ್ಗಡೆ ಬೀಗದ ಗುರುತು. ಬೀಗದ ಗುರುತು ನೋಡಿ ನಂಬುವವರು ಇನ್ನೂ ಇದ್ದಾರೆ. ನೀವು ಬರೆದದ್ದನ್ನು ದಾರಿಯಲ್ಲಿ ಬೇರೆಯವರು ಓದಲಾರರು ಅನ್ನುವುದಷ್ಟೇ ಅದರ ಅರ್ಥ. ಆ ಕಡೆ ಕೂತವನು ಒಳ್ಳೆಯವನು ಅಂತ ಅದು ಹೇಳುವುದಿಲ್ಲ. ಜನ ತಪ್ಪು ತಿಳಿಯುತ್ತಾರೆ ಅಂತಲೇ ಕ್ರೋಮ್ ಬ್ರೌಸರ್ 2023ರಲ್ಲಿ ಆ ಗುರುತನ್ನು ತೆಗೆದುಹಾಕಿತು. ಇನ್ನು ಹೊಗಳಿಕೆಗಳು. ದೂರು ಬರೆಯುವಾಗ ತಾರೀಖು ನೋಡಿದರೆ, ಎಲ್ಲವೂ ಒಂದೇ ವಾರದಲ್ಲಿ ಬರೆದವು!

ಅಣ್ಣ ಲಿಂಕನ್ನು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದ. ಒಂದು ದೇಶದಲ್ಲಿ ಬೆಳಗ್ಗೆ, ಇನ್ನೊಂದರಲ್ಲಿ ನಡುರಾತ್ರಿ. ಹೆಬ್ಬೆರಳುಗಳು ಬಂದವು, ಹೃದಯಗಳು ಬಂದವು. "ಅಣ್ಣಾ, ಬೇಗ ಬುಕ್ ಮಾಡಿಬಿಡು" ಅಂತ ಚಿಕ್ಕಮ್ಮನ ಮಗಳು. ದೊಡ್ಡ ಗುಂಪಿನ ಗತಿಯೇ ಇಷ್ಟು. ಹುಡುಕಿದವನು ಇಷ್ಟು ಜನ ನೋಡಿದ್ದಾರಲ್ಲ ಅಂದುಕೊಳ್ಳುತ್ತಾನೆ. ನೋಡಿದವರು ಹುಡುಕಿದವನು ವಿಚಾರಿಸಿಯೇ ಇರುತ್ತಾನೆ ಅಂದುಕೊಳ್ಳುತ್ತಾರೆ. ಒಬ್ಬನೇ ಹೋಗುವವನು ಹತ್ತು ಸಲ ಯೋಚಿಸುತ್ತಾನೆ. ಗುಂಪಿನಲ್ಲಿ ಆ ಹತ್ತು ಸಲ ಯಾರ ಪಾಲಿಗೂ ಬರುವುದಿಲ್ಲ.

ಆಮೇಲೆ ದುಡ್ಡಿನ ವಿಷಯ. ಕಾರ್ಡ್ ತೆಗೆದುಕೊಳ್ಳುವ ವ್ಯವಸ್ಥೆ ಸದ್ಯಕ್ಕೆ ಕೆಟ್ಟಿದೆ, ಬ್ಯಾಂಕಿಗೆ ನೇರ ಹಾಕಿದರೆ ಇನ್ನೂ ಸ್ವಲ್ಪ ಬಿಡುತ್ತೇವೆ ಅಂದರು. ಪ್ರತಿ ಮನೆಯವರೂ ತಮ್ಮ ಪಾಲನ್ನು ಅಣ್ಣನ ಖಾತೆಗೆ ಹಾಕಿದರು, ಅಣ್ಣ ಒಟ್ಟು ಮಾಡಿ ಕಳಿಸಿದ. ಅವರು ಕೊಟ್ಟಿದ್ದ ಐಬಾನ್ ಸಂಖ್ಯೆಯನ್ನು, ಅಂದರೆ ಅಂತಾರಾಷ್ಟ್ರೀಯ ಬ್ಯಾಂಕ್ ಖಾತೆ ಸಂಖ್ಯೆಯನ್ನು, ನಾನು ನೋಡಿದ್ದು ದೂರು ಬರೆಯುವಾಗ. ಐಬಾನ್‌ನ ಮೊದಲ ಎರಡು ಅಕ್ಷರಗಳು ಖಾತೆ ಯಾವ ದೇಶದ್ದು ಅಂತ ಹೇಳುತ್ತವೆ. ಜರ್ಮನಿಯಾದರೆ ಡಿಇ, ಸ್ಪೇನ್ ಆದರೆ ಇಎಸ್, ಹೀಗೆ. ಮನೆ ಇದ್ದದ್ದು ಒಂದು ದೇಶದಲ್ಲಿ, ಮಾಲೀಕ ತಾನು ಅಲ್ಲಿಯವನೇ ಅಂದಿದ್ದ, ಖಾತೆ ಮಾತ್ರ ಬೇರೆ ಯಾವುದೋ ದೇಶದ್ದು. ಕಣ್ಣೆದುರಿಗೆ ಎರಡು ಅಕ್ಷರಗಳಲ್ಲಿ ಬರೆದಿತ್ತು. ಹೀಗಿದ್ದ ಮಾತ್ರಕ್ಕೆ ಮೋಸವೇ ಅಂತಲ್ಲ, ಬೇರೆ ದೇಶದಲ್ಲಿ ಖಾತೆ ಇಟ್ಟ ಪ್ರಾಮಾಣಿಕರೂ ಇರುತ್ತಾರೆ. ಆದರೆ ಯಾಕೆ ಅಂತ ಫೋನ್ ಮಾಡಿ ಕೇಳಲು ಅಷ್ಟು ಸಾಕು. ಯೂರೋ ಬಳಸುವ ದೇಶಗಳಲ್ಲಿ 2025ರ ಅಕ್ಟೋಬರ್ 9ರಿಂದ ಖಾತೆಯ ಹೆಸರು, ಐಬಾನ್ ಎರಡೂ ಹೊಂದುತ್ತವೆಯೇ ಅಂತ ಬ್ಯಾಂಕುಗಳೇ ನೋಡಿ ಹೇಳಬೇಕು ಎಂಬ ನಿಯಮ ಬಂದಿದೆ. ಹೊರಗಿನ ದೇಶದಿಂದ ಕಳಿಸುವಾಗಲೂ ಹಾಗೇ ನೋಡುತ್ತಾರೆ ಅಂತ ನಂಬಿ ಕೂರಬೇಡಿ.

ಈಗ ಪಾಸ್‌ಪೋರ್ಟ್ ವಿಷಯಕ್ಕೆ ಬರುತ್ತೇನೆ. ದುಡ್ಡು ಸೇರಿದ ಮೇಲೆ ಅವರಿಂದ ಇನ್ನೊಂದು ಇಮೇಲ್ ಬಂತು. ವಿದೇಶಿ ಅತಿಥಿಗಳ ವಿವರವನ್ನು ಸ್ಥಳೀಯ ಪೊಲೀಸರಿಗೆ ಕೊಡಬೇಕು, ಎಲ್ಲರ ಪಾಸ್‌ಪೋರ್ಟ್ ಪುಟ ಸ್ಕ್ಯಾನ್ ಮಾಡಿ ಕಳಿಸಿ ಅಂತ. ಇದು ಬರೀ ಸುಳ್ಳಲ್ಲ. ಇಟಲಿ, ಸ್ಪೇನ್ ಥರದ ದೇಶಗಳಲ್ಲಿ ತಂಗುವವರ ವಿವರ ಅಧಿಕಾರಿಗಳಿಗೆ ಕೊಡಬೇಕೆಂಬ ಕಾನೂನು ನಿಜವಾಗಿಯೂ ಇದೆ. ಒಂದು ನಿಜದ ಬೆನ್ನೇರಿ ಸುಳ್ಳು ಬಂದದ್ದರಿಂದಲೇ ಯಾರಿಗೂ ಅನುಮಾನ ಬರಲಿಲ್ಲ. ಆದರೆ ಪಾಸ್‌ಪೋರ್ಟ್ ನೋಡಿ ಆ ವಿವರ ಬರೆದುಕೊಳ್ಳುವುದು ಸಾಮಾನ್ಯವಾಗಿ ಅತಿಥಿಗಳು ಬಂದು ಇಳಿದಾಗ. ತಿಂಗಳುಗಟ್ಟಲೆ ಮೊದಲೇ, ಮುಖ ನೋಡದವನಿಗೆ, ಇಮೇಲಿನಲ್ಲಿ ಯಾಕೆ?

ಪಾಸ್‌ಪೋರ್ಟಿನ ಫೋಟೋ ಪುಟದ ಕೆಳಗೆ ಬಾಣದ ಗುರುತುಗಳಿರುವ ಎರಡು ಸಾಲು ಇರುತ್ತವಲ್ಲ, ಒಂದೊಂದರಲ್ಲೂ 44 ಅಕ್ಷರ, ಅದರಲ್ಲಿ ನಿಮ್ಮ ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಹುಟ್ಟಿದ ದಿನ, ಅವಧಿ ಮುಗಿಯುವ ದಿನ ಎಲ್ಲ ಇದೆ. ಇದಕ್ಕೆ ಫೋಟೋ, ಮನೆ ವಿಳಾಸ, ಫೋನ್ ನಂಬರ್ ಸೇರಿದರೆ ಇನ್ನೊಬ್ಬರ ಹೆಸರಿನಲ್ಲಿ ಖಾತೆ ತೆರೆಯಲು, ಸಿಮ್ ತೆಗೆದುಕೊಳ್ಳಲು ಪ್ರಯತ್ನಿಸುವವರಿಗೆ ಹಬ್ಬ. ದೊಡ್ಡವರ ಹೆಸರಿನಲ್ಲಿ ಏನಾದರೂ ನಡೆದರೆ ಬ್ಯಾಂಕಿನಿಂದ ಮೆಸೇಜ್ ಬಂದಾದರೂ ಗೊತ್ತಾಗುತ್ತದೆ. ಮಕ್ಕಳ ಹೆಸರಿನಲ್ಲಿ ನಡೆದರೆ ಅವರು ಬೆಳೆದು ಸಾಲ ಕೇಳಲು ಹೋಗುವವರೆಗೂ ಗೊತ್ತಾಗದಿರಬಹುದು. ಅಮೆರಿಕದಲ್ಲಿರುವ ನಮ್ಮವರು ಜನರ ಸಾಲದ ದಾಖಲೆ ಇಡುವ ಸಂಸ್ಥೆಗಳಾದ ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಮೂರರಲ್ಲೂ ತಮ್ಮ ಹೆಸರಿಗೂ ಮಕ್ಕಳ ಹೆಸರಿಗೂ ಕ್ರೆಡಿಟ್ ಫ್ರೀಜ್, ಅಂದರೆ ಆ ಹೆಸರಿನಲ್ಲಿ ಯಾರೂ ಹೊಸ ಸಾಲ ತೆಗೆಯದಂತೆ ತಡೆ, ಹಾಕಿಸಿದರು. 2018ರಿಂದ ಅದಕ್ಕೆ ದುಡ್ಡು ಕಟ್ಟಬೇಕಿಲ್ಲ. ಬೇರೆ ದೇಶಗಳಲ್ಲಿ ಇರುವವರಿಗೆ ಇಷ್ಟು ಸುಲಭದ ದಾರಿ ಸಿಗಲಿಲ್ಲ.

ಆ ಮನೆಗೆ ಹೋಗಿ ನಿಂತ ದಿನದ ಬಗ್ಗೆ ಜಾಸ್ತಿ ಬರೆಯಲು ಮನಸ್ಸಿಲ್ಲ. ಬಾಗಿಲಿನ ಕೋಡ್ ಅಂದೇ ಬೆಳಗ್ಗೆ ಬರಬೇಕಿತ್ತು, ಬರಲಿಲ್ಲ. ವಿಮಾನ ಇಳಿದು ಮೊದಲು ಅಲ್ಲಿಗೆ ಹೋದವರು ನಾವು, ಜೊತೆಗೆ ಅತ್ತೆ, ಮಾವ, ಅಜ್ಜಿ. ಫೋಟೋದಲ್ಲಿ ಗೇಟಿನ ಪಕ್ಕ ಮೊಣಕಾಲೆತ್ತರದ ಗಿಡ ಇತ್ತು. ನಾವು ನಿಂತಾಗ ಅದು ಮಹಡಿಯ ಕಿಟಕಿ ಮುಟ್ಟುವ ಮರವಾಗಿತ್ತು. ಒಳಗಿಂದ ವಯಸ್ಸಾದ ಹೆಂಗಸೊಬ್ಬರು ಬಂದರು. ನಮ್ಮ ಸೂಟ್‌ಕೇಸ್ ನೋಡಿ ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಹಿಂದಿನ ತಿಂಗಳೂ ಒಂದು ಕುಟುಂಬ ಹೀಗೇ ಬಂದು ನಿಂತಿತ್ತಂತೆ. ಅಜ್ಜಿಗೆ ಕುರ್ಚಿ ತಂದು ಹಾಕಿದರು, ನೀರು ಕೊಟ್ಟರು. ಕೆಲವು ವರ್ಷಗಳ ಹಿಂದೆ ಅವರು ಆ ಮನೆ ಕೊಂಡಿದ್ದರು. ಫೋಟೋಗಳೆಲ್ಲ ಆಗಿನ ಮಾರಾಟದ ಜಾಹೀರಾತಿನವು. ಸುತ್ತಲಿನ ಹೋಟೆಲುಗಳು ತುಂಬಿದ್ದವು. ಒಂದೇ ಸೂರಿನಡಿ ಇರೋಣ ಅಂತ ಸಮುದ್ರ ದಾಟಿ ಬಂದವರು ಊರಿನ ಬೇರೆ ಬೇರೆ ಮೂಲೆಗಳಲ್ಲಿ ಮಲಗಿದೆವು.

ಅಣ್ಣನ ಬ್ಯಾಂಕಿನವರು ದುಡ್ಡು ವಾಪಸ್ ಕೇಳಿ ಆ ಕಡೆಯ ಬ್ಯಾಂಕಿಗೆ ಸಂದೇಶ ಕಳಿಸಿದರು. ಅಂತಾರಾಷ್ಟ್ರೀಯ ವರ್ಗಾವಣೆ ಒಮ್ಮೆ ಜಮಾ ಆದ ಮೇಲೆ ಅದು ಬರೀ ಕೋರಿಕೆ, ಆ ಕಡೆಯ ಖಾತೆದಾರ ಒಪ್ಪಬೇಕು. ಖಾತೆಯಲ್ಲಿ ದುಡ್ಡೇ ಇರಲಿಲ್ಲ ಬಿಡಿ. ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿದ್ದರೆ ಸೇವೆ ಸಿಗಲಿಲ್ಲ ಅಂತ ತಕರಾರು ಹಾಕಬಹುದಿತ್ತು. ವೀಸಾ, ಮಾಸ್ಟರ್‌ಕಾರ್ಡ್ ನಿಯಮಗಳಲ್ಲಿ ಅದಕ್ಕೆ ಸಾಮಾನ್ಯವಾಗಿ 120 ದಿನಗಳ ಗಡುವು. ಇನ್ನೊಂದು ತೊಡಕು ಯಾರೂ ಊಹಿಸಿರಲಿಲ್ಲ. ಉಳಿದ ಮನೆಯವರು ತಂತಮ್ಮ ಬ್ಯಾಂಕಿಗೆ ಹೋದರೆ, ನೀವು ಕಳಿಸಿದ್ದು ನಿಮ್ಮಣ್ಣನಿಗೆ, ಅದು ಅವರಿಗೆ ಸೇರಿದೆ, ಇದರಲ್ಲಿ ಮೋಸ ಎಲ್ಲಿದೆ ಅನ್ನುವ ಉತ್ತರ. ಕಾಗದದ ಮೇಲೆ ಮೋಸ ಹೋದವನು ಅಣ್ಣ ಒಬ್ಬನೇ. ದುಡ್ಡು ಒಟ್ಟು ಮಾಡಿ ಒಬ್ಬರ ಕೈಯಿಂದ ಕಳಿಸುವವರು ಇದನ್ನು ಗಮನದಲ್ಲಿಡಿ. ತಾಣದ ಒಳಗೆ ಒಬ್ಬರ ಕಾರ್ಡಿನಲ್ಲಿ ಕಟ್ಟಿ, ಎಲ್ಲರೂ ತಲುಪಿದ ಮೇಲೆ ಲೆಕ್ಕ ಮಾಡಿಕೊಳ್ಳುವುದು ವಾಸಿ.

ಸ್ವಲ್ಪ ದಿನಕ್ಕೆ ಚಿಕ್ಕಮ್ಮನಿಗೆ ಒಂದು ಫೋನ್ ಬಂತು. ಕಳೆದ ದುಡ್ಡು ವಾಪಸ್ ಕೊಡಿಸುವ ಸಂಸ್ಥೆಯಂತೆ, ಮೊದಲು ಶುಲ್ಕ ಕಟ್ಟಬೇಕಂತೆ. ಎಷ್ಟು ಕಳೆದಿದ್ದೇವೆ ಅನ್ನುವುದೂ ಅವರಿಗೆ ಸರಿಯಾಗಿ ಗೊತ್ತಿತ್ತು. ಕದ್ದವರೇ ಅಥವಾ ಅವರಿಂದ ಪಟ್ಟಿ ಕೊಂಡವರೇ ಇರಬೇಕು. ಇದು ಹಳೆಯ ಆಟ, ಒಮ್ಮೆ ಸಿಕ್ಕವರನ್ನು ಎರಡನೇ ಸಲ ಹಿಡಿಯುವುದು. ಚಿಕ್ಕಮ್ಮ ಬೈದು ಫೋನ್ ಇಟ್ಟರು. ಆ ಬೈಗುಳ ಇಲ್ಲಿ ಬರೆಯುವ ಹಾಗಿಲ್ಲ.

ಹಾಗಂತ ಬಾಡಿಗೆ ಮನೆಯೇ ಬೇಡ ಅನ್ನುತ್ತಿಲ್ಲ. ಎಲ್ಲರೂ ಸೇರಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಆದರೆ ಮನೆ ಹುಡುಕಿದವರು ಬೇರೆ, ಪರೀಕ್ಷೆ ಮಾಡುವವರು ಬೇರೆ ಇರಲಿ. ಗುಂಪಿನಲ್ಲಿ ಒಬ್ಬರಿಗೆ ಹೆಸರು ಹಿಡಿದು ಆ ಕೆಲಸ ಒಪ್ಪಿಸಿ. ಸುಮ್ನೆ "ಎಲ್ಲರೂ ನೋಡಿ" ಅಂದರೆ ಯಾರೂ ನೋಡುವುದಿಲ್ಲ. ಫೋಟೋಗಳನ್ನು ಚಿತ್ರದಿಂದಲೇ ಹುಡುಕುವ ಗೂಗಲ್ ಲೆನ್ಸ್ ಅಥವಾ ಟಿನ್‌ಐಗೆ ಹಾಕಿದರೆ ಅವು ಬೇರೆಲ್ಲಿ ಇವೆ ಅಂತ ಸಿಗುತ್ತದೆ. ನಮ್ಮ ಮನೆಯ ಆ ಹಳೆಯ ಜಾಹೀರಾತು ಹೀಗೇ ಒಂದು ನಿಮಿಷದಲ್ಲಿ ಸಿಕ್ಕಿತು, ತಡವಾಗಿ. ಗೂಗಲ್ ಮ್ಯಾಪ್ಸ್‌ನ ಸ್ಟ್ರೀಟ್ ವ್ಯೂನಲ್ಲಿ ವಿಳಾಸ ಹುಡುಕಿ, ಅಲ್ಲಿನ ಚಿತ್ರ ಯಾವ ತಿಂಗಳು, ಯಾವ ವರ್ಷದ್ದು ಅಂತ ನೋಡಿ, ಕೊಟ್ಟ ಫೋಟೋ ಜೊತೆ ಹೋಲಿಸಿ. ವೆಬ್‌ಸೈಟಿನ ಹೆಸರು ಯಾವಾಗ ನೋಂದಣಿಯಾಗಿದೆ ಅಂತ, ಇಂಥ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ಹುಡುಕಾಟದ ಪುಟದಲ್ಲಿ ಸಾಮಾನ್ಯವಾಗಿ ತಿಳಿಯುತ್ತದೆ. ವರ್ಷಗಳಿಂದ ಅತಿಥಿಗಳು ಬರುತ್ತಿದ್ದಾರೆ ಅನ್ನುವ ತಾಣ ಮೂರು ತಿಂಗಳ ಹಿಂದೆ ಹುಟ್ಟಿದ್ದಾದರೆ ಬಾಗಿಲು ಮುಚ್ಚಿ.

ಇವೆಲ್ಲಕ್ಕಿಂತ ಗಟ್ಟಿ ಪರೀಕ್ಷೆ ವಿಡಿಯೋ ಕಾಲ್. ಮಾಲೀಕರು ಮನೆಯೊಳಗೆ ನಡೆದಾಡುತ್ತಾ ತೋರಿಸಲಿ. ಮೊದಲೇ ತೆಗೆದಿಟ್ಟ ವಿಡಿಯೋ ಬೇಡ. ನೀವು ಹೇಳಿದ ಕಿಟಕಿ ತೆರೆದು ಹೊರಗಿನ ರಸ್ತೆ ತೋರಿಸಿ ಅನ್ನಿ. ಕೆಳಗಿನ ಬಚ್ಚಲಿನ ನಲ್ಲಿ ತಿರುಗಿಸಿ ಅನ್ನಿ. ಅಜ್ಜಿಗೆ ಮೆಟ್ಟಿಲು ಎಷ್ಟು ಎತ್ತರ ಅಂತ ಕೇಳಿ, ಅದು ಹೇಗೂ ಗೊತ್ತಾಗಬೇಕಾದ್ದೇ. ನಿಜವಾದ ಮಾಲೀಕರಿಗೆ ಇದು ಕಾಲು ಗಂಟೆಯ ಕೆಲಸ. ಇಂಟರ್ನೆಟ್ ಸರಿಯಿಲ್ಲ, ಈಗ ಬೇರೆ ಅತಿಥಿಗಳಿದ್ದಾರೆ, ನಾನು ಬೇರೆ ಊರಲ್ಲಿದ್ದೇನೆ ಅಂತ ಮೂರೂ ನೆಪ ಬಂದರೆ ಮನೆ ಎಷ್ಟೇ ಚೆನ್ನಾಗಿದ್ದರೂ ಬಿಟ್ಟುಬಿಡಿ. ಪಾಸ್‌ಪೋರ್ಟ್ ಪ್ರತಿ ಮೊದಲೇ ಕೇಳಿದರೆ, ಬಂದಾಗ ತೋರಿಸುತ್ತೇವೆ ಅನ್ನಿ. ಕಳಿಸಲೇಬೇಕಾದರೆ ಆ ಕೆಳಗಿನ ಎರಡು ಸಾಲು ಮುಚ್ಚಿ, ಯಾವ ಮನೆಗೆ, ಯಾವ ದಿನಗಳಿಗೆ ಅಂತ ಪ್ರತಿಯ ಮೇಲೆ ಅಡ್ಡವಾಗಿ ಬರೆದು ಕಳಿಸಿ.

ಹತ್ತಿರದಲ್ಲೇ ಉಚಿತವಾಗಿ ರದ್ದು ಮಾಡಬಹುದಾದ ಒಂದೆರಡು ಕೋಣೆಗಳನ್ನು, ಕೊನೆಪಕ್ಷ ವಯಸ್ಸಾದವರಿಗೆ, ಹಿಡಿದಿಡಿ. ಮನೆ ಕಣ್ಣಾರೆ ನೋಡಿ ಖಚಿತವಾದ ಮೇಲೆ ಬಿಟ್ಟರಾಯಿತು. ರದ್ದು ಮಾಡುವ ಕೊನೆಯ ದಿನ ಯಾವುದು ಅಂತ ಮೊದಲೇ ನೋಡಿಕೊಳ್ಳಿ.

ಅಣ್ಣನ ಬಗ್ಗೆ ಒಂದು ಮಾತು. ಎಲ್ಲರಿಗಾಗಿ ಓಡಾಡಿದವನು ಅವನು. ಬೈಗುಳವೂ ಅವನಿಗೇ ಬಂತು. ಕೆಲವರು ಇನ್ನೂ ಅವನ ಜೊತೆ ನೆಟ್ಟಗೆ ಮಾತಾಡುತ್ತಿಲ್ಲ, ಗುಂಪಿನಲ್ಲಿ ಹುಟ್ಟುಹಬ್ಬದ ಶುಭಾಶಯ ಬಿಟ್ಟರೆ ಬೇರೆ ಮಾತಿಲ್ಲ. ನನ್ನ ಪ್ರಕಾರ ಇದು ಅನ್ಯಾಯ. ದುಡ್ಡು ಕದ್ದವರು ಬೇರೆ.

ಈಗಾಗಲೇ ದುಡ್ಡು ಕಳಿಸಿ ಅನುಮಾನ ಶುರುವಾಗಿದ್ದರೆ, ಓದುವುದನ್ನು ನಿಲ್ಲಿಸಿ ಈಗಲೇ ಬ್ಯಾಂಕಿಗೆ ಫೋನ್ ಮಾಡಿ. ಬೆಳಗಾಗಲಿ ಅನ್ನಬೇಡಿ, ದುಡ್ಡು ಆ ಖಾತೆಯಿಂದ ದಾಟುವ ಮುಂಚೆ ತಡೆದರೆ ಮಾತ್ರ ಉಪಯೋಗ. ಭಾರತದಿಂದ ಕಳಿಸಿದ್ದರೆ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ, ಅಮೆರಿಕದಿಂದಾದರೆ ಎಫ್‌ಬಿಐನ ಇಂಟರ್ನೆಟ್ ಅಪರಾಧದ ದೂರು ತಾಣವಾದ ಐಸಿ3ಯಲ್ಲಿ ದೂರು ಕೊಡಿ. ಆ ಕಳ್ಳರನ್ನು ಬೈದು ಬ್ಲಾಕ್ ಮಾಡುವ ಆಸೆಯನ್ನು ಸ್ವಲ್ಪ ತಡೆಯಿರಿ. ಮೊದಲು ಮೆಸೇಜು, ಇಮೇಲು, ಖಾತೆ ಸಂಖ್ಯೆ, ವೆಬ್‌ಸೈಟು ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಡಿ. ನಮಗೆ ಎಚ್ಚರವಾಗುವಷ್ಟರಲ್ಲಿ ಆ ವೆಬ್‌ಸೈಟ್ ತೆರೆಯುತ್ತಲೇ ಇರಲಿಲ್ಲ.